ಮಾತಿನ ಲೆಕ್ಕ ಬರೆದ ಗ್ರಿಯರ್ಸನ್ ಸಾಹೇಬರು

ಹಿಂದೂಸ್ತಾನದಲ್ಲಿ ಒಟ್ಟು ಎಷ್ಟು ಭಾಷೆ ಇದೆ, ಯಾವ ಊರಲ್ಲಿ ಯಾವ ಮಾತು ನಡೆಯುತ್ತದೆ ಎಂಬ ಪ್ರಶ್ನೆಗೆ ನೂರ ಮೂವತ್ತು ವರ್ಷಗಳ ಹಿಂದೆ ಸರಕಾರದ ಬಳಿಯೂ ಪೂರ್ತಿ ಉತ್ತರ ಇರಲಿಲ್ಲ. ಜಮೀನಿನ ಲೆಕ್ಕ ಇತ್ತು, ಕಂದಾಯದ ಲೆಕ್ಕ ಇತ್ತು, ದನಕರುಗಳ ಲೆಕ್ಕವೂ ಇತ್ತು. ಜನರ ಬಾಯಲ್ಲಿದ್ದ ಮಾತಿನ ಪೂರ್ತಿ ಲೆಕ್ಕ ಮಾತ್ರ ಯಾರೂ ಬರೆದಿರಲಿಲ್ಲ. ಆ ಲೆಕ್ಕಕ್ಕೆ ಕೈ ಹಾಕಿ, ಮೂವತ್ತಕ್ಕೂ ಹೆಚ್ಚು ವರ್ಷ ಅದೇ ಕೆಲಸದಲ್ಲಿ ಕೂತು, 179 ಭಾಷೆ ಮತ್ತು 544 ಉಪಭಾಷೆಗಳನ್ನು ಪುಸ್ತಕಕ್ಕೆ ಇಳಿಸಿದವರು ಸರ್ ಜಾರ್ಜ್ ಅಬ್ರಹಾಂ ಗ್ರಿಯರ್ಸನ್.

ಇಷ್ಟು ದೊಡ್ಡ ಕೆಲಸ ನಡೆಯಿತಾದರೂ ಆ ಸಮೀಕ್ಷೆ ಮದ್ರಾಸ್ ಪ್ರಾಂತಕ್ಕೆ ಬರಲಿಲ್ಲ. ಮೈಸೂರು ಸಂಸ್ಥಾನಕ್ಕೂ ಬರಲಿಲ್ಲ. ನಮ್ಮ ಬ್ಯಾರಿಗಳ ಕರಾವಳಿ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಮೈಸೂರು ಸಂಸ್ಥಾನದಲ್ಲಿದ್ದವು. ಅಂದರೆ ನಾವು ಹುಟ್ಟಿ ಬಂದ ಊರೂ ಲೆಕ್ಕಕ್ಕೆ ಸಿಗಲಿಲ್ಲ, ಘಟ್ಟ ಹತ್ತಿ ಬಂದು ನೆಲೆಸಿದ ಊರೂ ಸಿಗಲಿಲ್ಲ. ಅದಕ್ಕೇ ಈ ಮನುಷ್ಯರ ಬದುಕನ್ನು ನಾವು ತಿಳಿಯಬೇಕು. ಅವರು ಹೇಗೆ ಮಾಡಿದರು ಅಂತ ಗೊತ್ತಾದರೆ, ಉಳಿದುಹೋದದ್ದನ್ನು ನಾವು ಹೇಗೆ ಮಾಡಬಹುದು ಅಂತಲೂ ಗೊತ್ತಾಗುತ್ತದೆ.

ಗಣಿತ ಓದಿದ ಹುಡುಗ

ಗ್ರಿಯರ್ಸನ್ ಹುಟ್ಟಿದ್ದು 1851ರ ಜನವರಿ 7ರಂದು, ಐರ್ಲೆಂಡಿನ ಡಬ್ಲಿನ್ ಪಟ್ಟಣದ ಹತ್ತಿರ. ಅವರದು ಮುದ್ರಣದ ಕಸುಬಿನ ಮನೆತನ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಅವರು ಓದಿದ್ದು ಗಣಿತ. ಆದರೆ ಅಲ್ಲಿ ರಾಬರ್ಟ್ ಅಟ್ಕಿನ್ಸನ್ ಎಂಬ ಸಂಸ್ಕೃತದ ಗುರುಗಳಿದ್ದರು. ಭಾಷೆಯ ಹುಚ್ಚು ಹಿಡಿಸಿದವರು ಅವರೇ. ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆ ಪಾಸು ಮಾಡಿ ಗ್ರಿಯರ್ಸನ್ 1873ರಲ್ಲಿ ಬಂಗಾಳಕ್ಕೆ ಬಂದರು. ವಯಸ್ಸು ಆಗ ಇಪ್ಪತ್ತೆರಡು.

ಅವರ ನೌಕರಿಯ ಬಹುಭಾಗ ಕಳೆದದ್ದು ಬಿಹಾರದಲ್ಲಿ. ಅವರು ಬಂದ ಹೊತ್ತಿಗೆ ಅಲ್ಲಿ ಬರಗಾಲ. ಹಸಿದು ಬಂದವರ ಕಷ್ಟ ಕೇಳಬೇಕು, ಕಚೇರಿಯಲ್ಲಿ ವ್ಯಾಜ್ಯ ಬಂದರೆ ಸಾಕ್ಷಿ ಕೇಳಬೇಕು. ಆದರೆ ಕಚೇರಿಯ ಭಾಷೆ ಒಂದು, ಹಳ್ಳಿಯವರ ಮಾತು ಇನ್ನೊಂದು. ರೈತ ಭೋಜಪುರಿಯಲ್ಲೋ ಮೈಥಿಲಿಯಲ್ಲೋ ಮಗಹಿಯಲ್ಲೋ ಮಾತಾಡುತ್ತಾನೆ. ಗುಮಾಸ್ತ ಅದನ್ನು ಬೇರೆಯೇ ಭಾಷೆಯಲ್ಲಿ ಬರೆಯುತ್ತಾನೆ. ನಡುವೆ ಏನು ಕಳೆದುಹೋಯಿತೆಂದು ರೈತನಿಗೂ ಗೊತ್ತಾಗದು, ಸಾಹೇಬನಿಗೂ ಗೊತ್ತಾಗದು. ಜನರ ಮಾತು ಗೊತ್ತಿಲ್ಲದವನು ಜನರಿಗೆ ನ್ಯಾಯ ಕೊಡಲಾರ ಎಂಬ ವಿಚಾರ ಗ್ರಿಯರ್ಸನ್ ಅವರ ತಲೆಯಲ್ಲಿ ಕೂತದ್ದು ಅಲ್ಲಿಯೇ. ಬಿಹಾರದ ಆಡುಮಾತುಗಳ ಪರವಾಗಿ ಅವರು ಪತ್ರಿಕೆಯಲ್ಲಿ ಬರೆದರು. 1883ರಿಂದ 1887ರವರೆಗೆ ಆ ಮಾತುಗಳ ವ್ಯಾಕರಣಗಳನ್ನು ಒಂದರ ಮೇಲೊಂದು ಹೊರತಂದರು.

1885ರಲ್ಲಿ ಬಂದ ಅವರ ಪುಸ್ತಕ ಬಿಹಾರ್ ಪೆಸೆಂಟ್ ಲೈಫ್. ಬಿಹಾರದ ರೈತರ ಬದುಕಿನ ವಸ್ತುಗಳ ಹೆಸರುಗಳೆಲ್ಲ ಅದರಲ್ಲಿವೆ. ನೇಗಿಲಿಗೆ ಏನೆನ್ನುತ್ತಾರೆ, ನೇಗಿಲಿನ ಒಂದೊಂದು ಭಾಗಕ್ಕೆ ಏನೆನ್ನುತ್ತಾರೆ, ಗಾಡಿ, ಗಾಣ, ಮಗ್ಗ, ಒಲೆ, ಪಾತ್ರೆ, ಮದುವೆಯ ಶಾಸ್ತ್ರ, ತೂಕ, ಅಳತೆ. ಒಂದೇ ವಸ್ತುವಿಗೆ ಗಂಗೆಯ ಈಚೆ ಒಂದು ಹೆಸರು, ಆಚೆ ಇನ್ನೊಂದು. ಅದನ್ನೂ ಬಿಡದೆ ಬರೆದರು. ಇದು ಪಂಡಿತರ ಹತ್ತಿರ ಕೇಳಿ ಆಗುವ ಕೆಲಸವಲ್ಲ. ಗಾಣದ ಹೆಸರು ಗಾಣದವನಿಗೆ ಗೊತ್ತು, ಮಗ್ಗದ ಹೆಸರು ನೇಯುವವನಿಗೆ ಗೊತ್ತು. ವಸ್ತುವನ್ನು ಕಣ್ಣೆದುರು ಇಟ್ಟುಕೊಂಡು, ಅದನ್ನು ದಿನಾ ಹಿಡಿಯುವವನ ಬಾಯಿಂದ ಹೆಸರು ಕೇಳುವುದೇ ಇದಕ್ಕೆ ದಾರಿ.

ವಿಯೆನ್ನಾದಿಂದ ಹಳ್ಳಿಯವರೆಗೆ

1886ರಲ್ಲಿ ಯುರೋಪಿನ ವಿಯೆನ್ನಾ ನಗರದಲ್ಲಿ ಪೂರ್ವದೇಶಗಳ ವಿದ್ಯೆ ಓದುವ ವಿದ್ವಾಂಸರ ಸಭೆ ಸೇರಿತು. ಹಿಂದೂಸ್ತಾನದ ಭಾಷೆಗಳನ್ನೆಲ್ಲ ಕ್ರಮವಾಗಿ ಸಮೀಕ್ಷೆ ಮಾಡಬೇಕೆಂಬ ಮಾತನ್ನು ಅಲ್ಲಿ ಎತ್ತಿದವರಲ್ಲಿ ಗ್ರಿಯರ್ಸನ್ ಮುಖ್ಯರು. ಸಭೆ ಒಪ್ಪಿತು, ಸರಕಾರಕ್ಕೆ ಮನವಿ ಹೋಯಿತು. ಸರಕಾರದ ಕೆಲಸ ಅಂದರೆ ನಮಗೆಲ್ಲ ಗೊತ್ತಲ್ಲ. ಖರ್ಚಿನ ಮಾತು ಬಂತು, ಕಾಗದಗಳು ಓಡಾಡಿದವು. ಕೆಲಸ ಶುರುವಾಗಲು 1894 ಆಯಿತು. 1898ರಲ್ಲಿ ಗ್ರಿಯರ್ಸನ್ ಅವರೇ ಇದರ ಸೂಪರಿಂಟೆಂಡೆಂಟ್ ಆದರು.

ಅವರು ಹಾಕಿದ ಉಪಾಯ ತುಂಬಾ ಸರಳ. ಪ್ರತಿಯೊಂದು ಮಾತಿನಿಂದಲೂ ಮೂರು ವಸ್ತು ಬೇಕು ಅಂದರು.

ಮೊದಲನೆಯದು ಒಂದು ಕಥೆ, ಎಲ್ಲ ಭಾಷೆಗೂ ಒಂದೇ. ಇಂಜೀಲಿನಲ್ಲಿರುವ ದಾರಿ ತಪ್ಪಿದ ಮಗನ ಕಥೆಯನ್ನು ಆರಿಸಿದರು. ಕಿರಿ ಮಗ ತನ್ನ ಪಾಲು ಕೇಳಿ ತಗೊಂಡು ಪರದೇಶಕ್ಕೆ ಹೋಗುತ್ತಾನೆ, ಎಲ್ಲವನ್ನೂ ಕಳೆದುಕೊಂಡು ಹಸಿದು ಮನೆಗೆ ತಿರುಗಿ ಬರುತ್ತಾನೆ, ಅಪ್ಪ ಓಡಿ ಹೋಗಿ ತಬ್ಬಿಕೊಳ್ಳುತ್ತಾನೆ. ಆ ಕಥೆಯನ್ನು ಆರಿಸಿದ್ದು ವ್ಯಾಕರಣದ ಕಾರಣಕ್ಕೆ. ನಾನು, ನೀನು, ಅವನು ಮೂರೂ ಅದರಲ್ಲಿ ಬರುತ್ತವೆ. ಹೋದದ್ದು, ಹೋಗುತ್ತಿರುವುದು, ಹೋಗಲಿರುವುದು ಮೂರೂ ಕಾಲ ಬರುತ್ತವೆ. ಹೆಸರುಗಳಿಗೆ ಹತ್ತುವ ವಿಭಕ್ತಿಗಳೂ ಹೆಚ್ಚುಕಡಿಮೆ ಎಲ್ಲ ಬರುತ್ತವೆ. ಇಲ್ಲಿನ ಜನರ ಮನಸ್ಸಿಗೆ ನೋವಾಗಬಹುದಾದ ಕೆಲವು ಪದಗಳನ್ನು ಬದಲಿಸಿಯೇ ಕಳಿಸಿದರು.

ಎರಡನೆಯದು ಆ ಊರಿನವನೇ ತನ್ನ ಬಾಯಾರೆ ಹೇಳಿದ ಒಂದು ಕಥೆಯೋ ಹಾಡೋ ನಡೆದ ಸಂಗತಿಯೋ. ಇದು ಅನುವಾದ ಆಗಬಾರದು, ಅವನ ಬಾಯಿಂದ ಬಂದ ಹಾಗೇ ಬರೆಯಬೇಕು. ಮೂರನೆಯದು ಪದಗಳ ಮತ್ತು ಸಣ್ಣ ವಾಕ್ಯಗಳ ಪಟ್ಟಿ. ಒಂದರಿಂದ ಹತ್ತು, ಕೈ, ಕಾಲು, ಅಪ್ಪ, ಅಮ್ಮ, ಸೂರ್ಯ, ಚಂದ್ರ, ಹೋಗು, ತಿನ್ನು ಹೀಗೆ. ವಾಕ್ಯಗಳೂ ದಿನದ ಮಾತೇ: ಹೆಸರು ಕೇಳುವುದು, ಕುದುರೆಗೆ ಎಷ್ಟು ವಯಸ್ಸೆಂದು ಕೇಳುವುದು, ಇಲ್ಲಿಂದ ಕಾಶ್ಮೀರ ಎಷ್ಟು ದೂರ ಎಂದು ಕೇಳುವುದು.

ಈ ಕಾಗದಗಳು ಜಿಲ್ಲಾ ಕಚೇರಿಗಳಿಗೆ ಹೋದವು. ಅಲ್ಲಿಂದ ತಹಶೀಲ್ದಾರ, ಶಾಲೆಯ ಮೇಷ್ಟ್ರು, ಪಾದ್ರಿ, ಗುಮಾಸ್ತ ಹೀಗೆ ಕೈಯಿಂದ ಕೈಗೆ ಹೋಗಿ, ಕೊನೆಗೆ ಮಾತು ಬಲ್ಲವನ ಎದುರು ನಿಂತವು. ಬರೆಯಿಸಿಕೊಂಡು ವಾಪಸು ಬಂದವು.

ಅವರಿಗೆ ಎದುರಾದ ಒಂದು ತಮಾಷೆಯ ಕಷ್ಟವನ್ನು ಇಲ್ಲಿ ಹೇಳಲೇಬೇಕು. ನಿನ್ನ ಭಾಷೆಯ ಹೆಸರೇನು ಅಂತ ಹಳ್ಳಿಯವನನ್ನು ಕೇಳಿದರೆ ಅವನಿಗೆ ಗೊತ್ತಿರುತ್ತಿರಲಿಲ್ಲ. ದೂರದ ಊರಿನವರ ಮಾತಿಗೆ ಅವನು ಹೆಸರು ಹೇಳುತ್ತಿದ್ದ, ತನ್ನದಕ್ಕೆ ಹೆಸರು ಅಂತ ಒಂದು ಇದೆ ಎಂಬುದೇ ಅವನಿಗೆ ಹೊಸ ಸುದ್ದಿ. ಎಷ್ಟೋ ಭಾಷೆಗಳ ಹೆಸರು ನೆರೆಯವರು ಇಟ್ಟದ್ದೇ ಆಯಿತು. ಇದನ್ನು ಓದುವಾಗ ನಮ್ಮದೇ ನೆನಪಾಗುತ್ತದೆ. ನಾವು ಮನೆಯಲ್ಲಿ ಆಡುವ ಮಾತನ್ನು ನೆರೆಯವರು ನಕ್ಕ್-ನಿಕ್ಕ್ ಭಾಷೆ ಅಂದರು. ನನಗೆ, ನಿನಗೆ ಅನ್ನುವುದು ನಮ್ಮ ಬಾಯಲ್ಲಿ ನಕ್ಕ್, ನಿಕ್ಕ್ ಆದದ್ದಕ್ಕೆ ಆ ಹೆಸರು. ನಾವು ಬ್ಯಾರಿ ಬಾಸೆ ಅಂತ ಅಭಿಮಾನದಿಂದ ಹೇಳಿಕೊಳ್ಳಲು ಕಾಲ ಹಿಡಿಯಿತು.

ಪುಸ್ತಕಗಳು, ತಟ್ಟೆಗಳು

1903ರಲ್ಲಿ ಗ್ರಿಯರ್ಸನ್ ನೌಕರಿಯಿಂದ ನಿವೃತ್ತರಾದರು. ನಿವೃತ್ತಿ ಸರಕಾರದ ನೌಕರಿಗೆ ಮಾತ್ರ. ಇಂಗ್ಲೆಂಡಿನ ಕೇಂಬರ್ಲಿ ಎಂಬ ಊರಿನ ಮನೆಯಲ್ಲಿ ಕೂತು ಅವರು ಈ ಕಾಗದಗಳನ್ನು ಜೋಡಿಸಿದರು. ಅದೇ 1903ರಲ್ಲಿ ಸಂಪುಟಗಳು ಬರಲು ಶುರುವಾಗಿ 1928ಕ್ಕೆ ಮುಗಿದವು. 11 ಸಂಪುಟ, ಭಾಗಗಳು ಸೇರಿ 19 ಪುಸ್ತಕ. ನಾರ್ವೆ ದೇಶದ ಸ್ಟೆನ್ ಕೋನೋ ಎಂಬ ವಿದ್ವಾಂಸರು ಜೊತೆಗಿದ್ದು ಕೆಲವು ಸಂಪುಟಗಳ ಭಾರ ಹೊತ್ತರು. 1906ರಲ್ಲಿ ಬಂದ ನಾಲ್ಕನೇ ಸಂಪುಟ ಮುಂಡಾ ಮತ್ತು ದ್ರಾವಿಡ ಭಾಷೆಗಳದ್ದು.

ಇದೇ ಹೊತ್ತಿಗೆ ಗ್ರಾಮಫೋನ್ ಬಂದಿತ್ತು. ಕಾಗದದಲ್ಲಿ ಅಕ್ಷರ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಅದಕ್ಕೆ 1913ರಿಂದ ಮುಂದೆ ಬೇರೆ ಬೇರೆ ಪ್ರಾಂತಗಳ ಸರಕಾರಗಳು ಆಯಾ ಭಾಷೆಯವರನ್ನೇ ಕರೆಸಿ ತಟ್ಟೆಗಳಲ್ಲಿ ಮಾತು ಹಿಡಿದಿಟ್ಟವು. ಆ ತಟ್ಟೆಗಳ ದನಿ ಇವತ್ತಿಗೂ ಕೇಳಲು ಸಿಗುತ್ತದೆ. ಮಾತಾಡಿದವರು ಮಣ್ಣಾಗಿ ಎಷ್ಟೋ ಕಾಲವಾಯಿತು, ದಾರಿ ತಪ್ಪಿದ ಮಗನ ಕಥೆಯನ್ನು ಅವರು ಇನ್ನೂ ಹೇಳುತ್ತಲೇ ಇದ್ದಾರೆ.

ಗ್ರಿಯರ್ಸನ್ ಅವರಿಗೆ 1912ರಲ್ಲಿ ಸರ್ ಪದವಿ ಬಂತು. ಸಮೀಕ್ಷೆ ಮುಗಿದ 1928ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ದೊಡ್ಡ ಗೌರವ ಸಿಕ್ಕಿತು. ಆಮೇಲೂ ಸುಮ್ಮನೆ ಕೂರಲಿಲ್ಲ. ಈಶ್ವರ ಕೌಲ ಎಂಬ ಪಂಡಿತರು ಅರ್ಧಕ್ಕೆ ಬಿಟ್ಟು ತೀರಿಕೊಂಡಿದ್ದ ಕಾಶ್ಮೀರಿ ನಿಘಂಟಿನ ಕೆಲಸವನ್ನು ಎತ್ತಿಕೊಂಡು, 1916ರಿಂದ 1932ರವರೆಗೆ ಭಾಗ ಭಾಗವಾಗಿ ಮುದ್ರಿಸಿ ಮುಗಿಸಿದರು. 1941ರ ಮಾರ್ಚ್ 9ರಂದು ಕೇಂಬರ್ಲಿಯಲ್ಲೇ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ.

ಗಾಣದ ಹಾತಿಂ

ಅವರ ಪುಸ್ತಕಗಳಲ್ಲಿ ಒಂದನ್ನು ನಾವು ಬೇರೆಯಾಗಿ ನೆನೆಯಬೇಕು. ಕಾಶ್ಮೀರದ ಸಿಂಧ್ ಕಣಿವೆಯಲ್ಲಿ ಹಾತಿಂ ಎಂಬ ಮುಸಲ್ಮಾನರಿದ್ದರು. ಕಸುಬು ಎಣ್ಣೆ ಗಾಣ. ಓದು ಬರಹ ಇಲ್ಲ. ಆದರೆ ಕಥೆ, ಹಾಡು ಹೇಳುವುದರಲ್ಲಿ ಆ ಕಣಿವೆಗೇ ಹೆಸರಾದವರು. 1896ರಲ್ಲಿ ಆರೆಲ್ ಸ್ಟೈನ್ ಎಂಬ ವಿದ್ವಾಂಸರು ಅವರನ್ನು ಕರೆಸಿ ಕಥೆ ಹೇಳಿಸಿದರು. ಹಾತಿಂ ನಿಧಾನವಾಗಿ ಹೇಳುತ್ತಾ ಹೋದರು. ಸ್ಟೈನ್ ಒಂದು ಲಿಪಿಯಲ್ಲಿ ಬರೆದುಕೊಂಡರು, ಪಕ್ಕದಲ್ಲೇ ಕೂತ ಪಂಡಿತ ಗೋವಿಂದ ಕೌಲರು ನಾಗರಿ ಲಿಪಿಯಲ್ಲಿ ಬೇರೆಯಾಗಿ ಬರೆದುಕೊಂಡರು. ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗಲಿ ಅಂತ.

ಹದಿನಾರು ವರ್ಷಗಳ ಬಳಿಕ, 1912ರಲ್ಲಿ, ಸಂಶಯ ಬಂದ ಜಾಗವನ್ನು ಮತ್ತೆ ಹಾತಿಂ ಅವರ ಬಾಯಿಂದಲೇ ಹೇಳಿಸಿ ತಾಳೆ ನೋಡಿದರು. ಅವರ ನೆನಪು ಗಟ್ಟಿಯಾಗಿಯೇ ಇತ್ತು. ಆ ಕಥೆಗಳನ್ನು ಅರ್ಥ, ವ್ಯಾಕರಣ, ಪದಪಟ್ಟಿ ಸಮೇತ ಗ್ರಿಯರ್ಸನ್ ಸಿದ್ಧಪಡಿಸಿದರು. ಪುಸ್ತಕ 1923ರಲ್ಲಿ ಲಂಡನ್ನಿನಲ್ಲಿ ಬಂತು. ಅದಕ್ಕೆ ಇಟ್ಟ ಹೆಸರು ಹಾತಿಮ್ಸ್ ಟೇಲ್ಸ್. ಅಂದರೆ ಹಾತಿಮರ ಕಥೆಗಳು. ಬರೆದುಕೊಂಡವರು ಇಬ್ಬರು ಪಂಡಿತರು, ಸಿದ್ಧಪಡಿಸಿದವರು ಸರ್ ಪದವಿಯ ಸಾಹೇಬರು, ಆದರೂ ಪುಸ್ತಕದ ಹಣೆಯ ಮೇಲೆ ಕೂತದ್ದು ಓದು ಬಾರದ ಒಬ್ಬ ಗಾಣದವರ ಹೆಸರು.

ದೊಡ್ಡ ಸಮೀಕ್ಷೆಯಲ್ಲಿ ಹೀಗೆ ಆಗಲಿಲ್ಲ, ಅದನ್ನೂ ಹೇಳಬೇಕು. ಸಾವಿರಾರು ಜನ ತಮ್ಮ ಮಾತು ಕೊಟ್ಟರು. ಅವರಲ್ಲಿ ಹೆಚ್ಚಿನವರ ಹೆಸರು ಉಳಿಯಲಿಲ್ಲ, ಜಿಲ್ಲೆಯ ಹೆಸರು ಮಾತ್ರ ಉಳಿಯಿತು. ಕಚೇರಿಯ ಮೂಲಕ ನಡೆದ ಕೆಲಸವಾದ್ದರಿಂದ ಮನೆಯೊಳಗಿನ ಹೆಂಗಸರ ಮಾತಿನವರೆಗೆ ಅದು ಹೋಗುವುದು ಕಷ್ಟವಿತ್ತು. ಬರೆದುಕೊಂಡವರು ಭಾಷೆ ಕಲಿತವರಲ್ಲ, ಆಳುವವರ ನೌಕರರು. ಮೈಥಿಲಿ, ಮಗಹಿ, ಭೋಜಪುರಿ ಮೂರನ್ನೂ ಗ್ರಿಯರ್ಸನ್ ಬಿಹಾರಿ ಎಂಬ ಒಂದೇ ಹೆಸರಿನ ಕೆಳಗೆ ಸೇರಿಸಿದ್ದನ್ನು ಆ ಭಾಷೆಗಳವರು ಇಂದಿಗೂ ಪ್ರಶ್ನಿಸುತ್ತಾರೆ. ಇಷ್ಟೆಲ್ಲ ಇದ್ದೂ, ಆ ಕಾಗದಗಳು ಇಲ್ಲದಿದ್ದರೆ ಎಷ್ಟೋ ಮಾತುಗಳ ಗುರುತೇ ನಮಗೆ ಸಿಗುತ್ತಿರಲಿಲ್ಲ.

ಕಲ್ಲಿನ ಲೆಕ್ಕ, ಬಾಯಿಯ ಲೆಕ್ಕ

ಈಗ ನಮ್ಮ ಜಿಲ್ಲೆಗೆ ಬರೋಣ. ಸಮೀಕ್ಷೆ ನಡೆಯುತ್ತಿದ್ದ ಹೊತ್ತಿಗೆ ಚಿತ್ರದುರ್ಗ ಜಿಲ್ಲೆ ಸರಕಾರದ ಕಣ್ಣಿಗೆ ಬೀಳದ ಊರೇನೂ ಆಗಿರಲಿಲ್ಲ. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕಿ ಮುದ್ರಿಸುತ್ತಿದ್ದರು. ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಪೂರ್ತಿ ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದೇ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡವಾಗಿ ಮಾರಿಕಣಿವೆ ಕಟ್ಟೆ ಏಳುತ್ತಿತ್ತು. 1898ರಲ್ಲಿ ಶುರುವಾದ ಕೆಲಸ 1907ಕ್ಕೆ ಮುಗಿಯಿತು. ಹೊಲದ ಕಲ್ಲಿನ ಮೇಲಿದ್ದ ಅಕ್ಷರ ಪುಸ್ತಕಕ್ಕೆ ಬಂತು, ಹೊಳೆಯ ನೀರು ಕಟ್ಟೆಯ ಹಿಂದೆ ನಿಂತಿತು. ಸಂತೆಯಲ್ಲಿ ಆಡುತ್ತಿದ್ದ ಮಾತು ಮಾತ್ರ ಹಾಗೇ ಹರಿದುಹೋಯಿತು.

ಆ ಸಂತೆಯಲ್ಲಿ ಮಾತಿಗೆ ಬರಗಾಲ ಇರಲಿಲ್ಲ, ಈಗಲೂ ಇಲ್ಲ. ಚಿತ್ರದುರ್ಗದ ಕನ್ನಡಕ್ಕೆ ಅದರದ್ದೇ ಒಂದು ಧಾಟಿ. ಆಂಧ್ರದ ಗಡಿ ಹತ್ತಿರ, ಹಾಗಾಗಿ ತೆಲುಗು ಮನೆಮಾತಾಗಿರುವವರಿದ್ದಾರೆ. ಮುಸ್ಲಿಂ ಮೊಹಲ್ಲಾಗಳಲ್ಲಿ ದಖನಿ ಉರ್ದು. ಹೊಳಲ್ಕೆರೆ, ಹೊಸದುರ್ಗದ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಇದರಲ್ಲಿ ಲಂಬಾಣಿಗೆ ಗ್ರಿಯರ್ಸನ್ ಪುಸ್ತಕದಲ್ಲಿ ಜಾಗ ಸಿಕ್ಕಿದೆ. 1907ರಲ್ಲಿ, ಮಾರಿಕಣಿವೆ ಮುಗಿದ ಅದೇ ವರ್ಷ, ಬಂದ ಒಂಬತ್ತನೇ ಸಂಪುಟದ ಮೂರನೇ ಭಾಗದಲ್ಲಿ ಬಂಜಾರಿ ಅಥವಾ ಲಭಾನಿ ಎಂಬ ಹೆಸರಲ್ಲಿ ಅದು ಇದೆ. ಬಂಜಾರರು ದೇಶವಿಡೀ ತಿರುಗಿದವರಾದ್ದರಿಂದ ಬೇರೆ ಪ್ರಾಂತಗಳಲ್ಲಿ ಅವರ ಮಾತು ಸಿಕ್ಕಿತು. ಹಾಗೆಯೇ ಮಧ್ಯ ಪ್ರಾಂತಕ್ಕೆ ದನ ಮೇಯಿಸುತ್ತಾ ಹೋಗಿದ್ದ ಗೋಲರ ಕನ್ನಡವೂ ದಾಖಲಾಗಿದೆ. ನಾಗಪುರದ ಕಡೆ ಹೋದ ಕನ್ನಡ ಪುಸ್ತಕದಲ್ಲಿ ಉಳಿಯಿತು, ದುರ್ಗದ ಕನ್ನಡ ಉಳಿಯಲಿಲ್ಲ. ಗಡಿಯ ಗೆರೆ ಎಲ್ಲಿ ಎಳೆದರೋ ಅಲ್ಲಿಗೆ ಲೆಕ್ಕ ನಿಂತಿತು.

ನಮ್ಮ ಬ್ಯಾರಿಗೆ ಆ ಭಾಗ್ಯವೂ ಇರಲಿಲ್ಲ. ಆಮೇಲೆ ಕೆಲಸ ಆಗಿದೆ. ಡಾ. ಸುಶೀಲಾ ಉಪಾಧ್ಯಾಯ ಅವರು ನಮ್ಮ ಮಾತನ್ನು ಭಾಷಾಶಾಸ್ತ್ರದ ದೃಷ್ಟಿಯಿಂದ ಅಧ್ಯಯನ ಮಾಡಿದರು. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2010ರಲ್ಲಿ ಗಣೇಶ್ ದೇವಿ ಅವರು ಜನರ ಭಾಷಾ ಸಮೀಕ್ಷೆ ಶುರು ಮಾಡಿದರು. ಅದು ಸರಕಾರದ ಕೆಲಸ ಅಲ್ಲ, ಆಯಾ ಭಾಷೆಯವರೇ ಸೇರಿ ಮಾಡಿದ ಕೆಲಸ. ಅವರ ಲೆಕ್ಕಕ್ಕೆ 780 ಭಾಷೆಗಳು ಸಿಕ್ಕವು. ಕರಾವಳಿಯಲ್ಲಿ ಬ್ಯಾರಿ ಪುಸ್ತಕ ಬರುತ್ತಿವೆ, ಹಾಡು ಬರುತ್ತಿವೆ. ಬ್ಯಾರಿ ಸಿನಿಮಾ ರಾಷ್ಟ್ರ ಪ್ರಶಸ್ತಿಯನ್ನೂ ತಂದಿತು.

ಆದರೆ ಘಟ್ಟದ ಮೇಲಿನ ಬ್ಯಾರಿ ಮನೆಗಳ ಮಾತು ಬೇರೆ. ಚಿತ್ರದುರ್ಗದಲ್ಲೋ ಹಿರಿಯೂರಿನಲ್ಲೋ ವ್ಯಾಪಾರ ಇಟ್ಟುಕೊಂಡು ನೆಲೆಸಿದ ಮನೆಯಲ್ಲಿ ಅಂಗಡಿಗೆ ಕನ್ನಡ, ಮಸೀದಿಗೆ ಉರ್ದು, ಶಾಲೆಗೆ ಇಂಗ್ಲಿಷ್. ಬ್ಯಾರಿ ಉಳಿದಿರುವುದು ಅಡುಗೆ ಮನೆಯಲ್ಲಿ, ಅದೂ ಅಜ್ಜಿ ಇರುವವರೆಗೆ. ಮದ್ರಸದಲ್ಲಿ ಮಕ್ಕಳನ್ನು ನೋಡುತ್ತೇವಲ್ಲ, ಬ್ಯಾರಿಯಲ್ಲಿ ಕೇಳಿದರೆ ಅರ್ಥ ಆಗುತ್ತದೆ, ಉತ್ತರ ಮಾತ್ರ ಉರ್ದುವಿನಲ್ಲೋ ಕನ್ನಡದಲ್ಲೋ ಬರುತ್ತದೆ. ಉರ್ದು, ಕನ್ನಡ ಕಲಿಯುವುದು ಒಳ್ಳೆಯದೇ, ಅದಕ್ಕೆ ಬೇಸರ ಬೇಡ. ಆದರೆ ಕೇಳಿ ಅರ್ಥ ಮಾಡಿಕೊಳ್ಳುವ ಮಗುವಿಗೆ ನಾಳೆ ಮಕ್ಕಳಾದಾಗ ಆ ಅರ್ಥವೂ ಇರುವುದಿಲ್ಲ. ಇದು ಒಂದು ತಲೆಮಾರಿನ ಒಳಗೆ ಮುಗಿಯುವ ಲೆಕ್ಕ.

ಮೂರು ಕೆಲಸ

ಗ್ರಿಯರ್ಸನ್ ಅವರಿಗೆ ಸರಕಾರ ಬೇಕಿತ್ತು, ಜಿಲ್ಲಾ ಕಚೇರಿ ಬೇಕಿತ್ತು, ತಟ್ಟೆ ಮಾಡುವ ಯಂತ್ರ ಬೇಕಿತ್ತು. ನಮಗೆ ಬೇಕಾದದ್ದು ಕಿಸೆಯಲ್ಲೇ ಇದೆ. ಮೊಬೈಲ್ ಎದುರಿಟ್ಟು ಅವರ ಮೂರು ಕೆಲಸವನ್ನೇ ಮಾಡಬಹುದು.

ಒಂದು, ಎಲ್ಲರಿಗೂ ಗೊತ್ತಿರುವ ಒಂದೇ ಕಥೆಯನ್ನು ಮನೆಯ ಹಿರಿಯರಿಂದ ಬ್ಯಾರಿಯಲ್ಲಿ ಹೇಳಿಸುವುದು. ಯೂಸುಫ್ ನಬಿಯವರ ಕಥೆ ಆಗಬಹುದು. ಹೊಸದುರ್ಗದ ಮನೆಯಲ್ಲೂ ಹೇಳಿಸಿ, ಊರಿನಲ್ಲಿರುವ ನೆಂಟರ ಮನೆಯಲ್ಲೂ ಹೇಳಿಸಿದರೆ ಎಲ್ಲಿ ಮಾತು ಬದಲಾಗಿದೆ ಅಂತ ಗೊತ್ತಾಗುತ್ತದೆ. ಎರಡು, ಅವರದ್ದೇ ಮಾತು. ಘಟ್ಟ ಹತ್ತಿ ಬಂದದ್ದು ಹೇಗೆ, ಮೊದಲ ಅಂಗಡಿ ಎಲ್ಲಿತ್ತು, ಮದುವೆಯಲ್ಲಿ ಹಾಡುತ್ತಿದ್ದ ಮೊಯಿಲಾಂಜಿ ಪಾಟ್ ಯಾವುದು, ತೊಟ್ಟಿಲಿಗೆ ಹಾಕುವಾಗಿನ ಉಂಜಲ್ ಪಾಟ್ ಯಾವುದು. ಅರ್ಧ ನೆನಪಿದ್ದರೆ ಅರ್ಧವೇ ಸಾಕು. ಹಾಡುವವರು ಹೆಂಗಸರೇ ಆದ್ದರಿಂದ ಈ ಕೆಲಸ ಮನೆಯ ಹೆಣ್ಣುಮಕ್ಕಳೇ ಚೆನ್ನಾಗಿ ಮಾಡುತ್ತಾರೆ. ಮೂರು, ಪದಗಳ ಪಟ್ಟಿ. ಪಿಂಡಿ ಮಾಡುವಾಗ, ಪತ್ತಿರ್ ಮಾಡುವಾಗ ಪಾತ್ರೆಗೆ, ಹದಕ್ಕೆ, ಅಳತೆಗೆ ಏನು ಹೆಸರು ಅಂತ ಒಲೆಯ ಹತ್ತಿರ ನಿಂತೇ ಕೇಳಿ ಬರೆಯಬೇಕು. ಬರೆಯಲು ಕನ್ನಡ ಅಕ್ಷರ ಸಾಕು. ಹಿರಿಯರ ಹತ್ತಿರ ಅರಬಿ-ಮಲಯಾಳ ಲಿಪಿಯ ಹಳೆಯ ಕಿತಾಬು ಇದ್ದರೆ ಗುಜರಿಗೆ ಹಾಕದೆ ಅದರ ಫೋಟೊ ತೆಗೆದಿಡಬೇಕು.

ರೆಕಾರ್ಡ್ ಮಾಡುವ ಮೊದಲು ಅವರ ಒಪ್ಪಿಗೆ ಕೇಳಬೇಕು. ಯಾರಿಗೆ ಕೇಳಿಸಬಹುದು, ಯಾರಿಗೆ ಬೇಡ ಎಂಬುದನ್ನೂ ಅವರೇ ಹೇಳಲಿ. ಅವರು ಹೇಳಿದ್ದನ್ನು ಶುದ್ಧ ಮಾಡಲು ಹೋಗಬಾರದು. ಉರ್ದು ಬೆರೆತಿದ್ದರೆ ಬೆರೆತ ಹಾಗೇ ಇರಲಿ, ಈ ಊರಿನ ಬ್ಯಾರಿ ಅಂದರೆ ಅದೇ. ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ನೆಂಟರಲ್ಲಿ ಇರಲಿ. ಮೊಬೈಲ್ ಹಾಳಾದರೂ ಮಾತು ಉಳಿಯುತ್ತದೆ.

ಕೊನೆಗೆ, ತಾರೀಕು ಮತ್ತು ಊರಿನ ಜೊತೆ ಹೇಳಿದವರ ಹೆಸರನ್ನು ಮೇಲ್ಗಡೆ ಬರೆಯಬೇಕು. ಕೂತು ಬರೆದುಕೊಂಡ ಮೊಮ್ಮಗನ ಹೆಸರು ಕೆಳಗಿದ್ದರೆ ಸಾಕು.